ಮುಟ್ಟಿ ನೋಡುವ ಮ್ಯೂಸಿಯಂ: ಕುಟುಂಬದೊಡನೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಮಗ್ಗುಲಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ಕರ್ನಾಟಕದ ಅಸಂಖ್ಯ ಮಂದಿ ಮೊದಲು ಕಂಡಿರುವುದು ಶಾಲಾ ಪ್ರವಾಸದಲ್ಲಿ. ವಿಧಾನಸೌಧ, ಲಾಲ್‌ಬಾಗ್‌ಗಳ ನಡುವೆ ಸಿಕ್ಕ ಒಂದೂವರೆ ಗಂಟೆಯಲ್ಲಿ ಸಾಲಾಗಿ ಒಳಹೊಕ್ಕು, ಸಾಲಾಗಿ ಹೊರಬಂದು, ಬಸ್ಸು ಹತ್ತಿದ ನೆನಪಷ್ಟೇ ಅನೇಕರಲ್ಲಿ ಉಳಿದಿರುತ್ತದೆ. ಅದೇ ಕಟ್ಟಡಕ್ಕೆ ತಂದೆ, ತಾಯಿ, ಅಜ್ಜ, ಅಜ್ಜಿಯರೊಡನೆ ಬರುವ ಮಗುವಿನ ಅನುಭವ ಬೇರೆಯೇ ಆಗಬಲ್ಲದು. ಸಾಲಿನ ಅವಸರವಿಲ್ಲ. ಒಂದೇ ಗುಂಡಿಯನ್ನು ಹತ್ತು ಸಲ ಒತ್ತಿದರೂ ಗದರುವ ಶಿಕ್ಷಕರಿಲ್ಲ. ಆದರೆ ಆ ಬಿಡುವನ್ನು ಬಳಸಿಕೊಳ್ಳುವ ಬಗೆ ಎಲ್ಲ ಕುಟುಂಬಗಳಿಗೂ ತಿಳಿದಿರುವುದಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಸ್ಮರಣಾರ್ಥ ರೂಪುಗೊಂಡ ಈ ಸಂಸ್ಥೆಯನ್ನು 1962ರ ಜುಲೈ 14ರಂದು ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ವಿಶ್ವೇಶ್ವರಯ್ಯನವರು ತೀರಿಕೊಂಡು ಆಗ ಮೂರು ತಿಂಗಳಷ್ಟೇ ಆಗಿತ್ತು. ವಿದ್ಯುತ್ತನ್ನು ಕುರಿತ ಮೊದಲ ವಿಭಾಗ ಸಾರ್ವಜನಿಕರಿಗೆ ತೆರೆದದ್ದು 1965ರ ಜುಲೈ 27ರಂದು. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ತಲುಪಿದ ನಾಡಿನಲ್ಲಿ, ಮೊದಲ ವಿಭಾಗ ವಿದ್ಯುತ್ತಿನದೇ ಆದದ್ದು ಉಚಿತವಾಗಿಯೇ ಇತ್ತು. ಆರಂಭದಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಅಧೀನದಲ್ಲಿದ್ದ ಸಂಸ್ಥೆಯು 1978ರಲ್ಲಿ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಮಂಡಳಿಗೆ ಸೇರಿತು. ಇಂದು ಅದು ಕೇಂದ್ರ ಸಂಸ್ಕೃತಿ ಸಚಿವಾಲಯದ ವ್ಯಾಪ್ತಿಯಲ್ಲಿದೆ.

'ಮುಟ್ಟಬೇಡಿ' ಎಂಬ ಫಲಕವನ್ನು ಕಿತ್ತುಹಾಕಿದ ಪರಂಪರೆ ಈ ಬಗೆಯ ಸಂಸ್ಥೆಗಳದು. ಮಕ್ಕಳಿಗೆಂದೇ ಮೀಸಲಾದ ಮೊದಲ ವಸ್ತುಸಂಗ್ರಹಾಲಯ 1899ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ತೆರೆಯಿತು. ಯಂತ್ರಗಳನ್ನು ಸೀಳಿ ಒಳಭಾಗ ತೋರಿಸುವ, ನೋಡುಗರೇ ಹಿಡಿ ತಿರುಗಿಸಿ ಚಲಾಯಿಸುವ ಕ್ರಮವನ್ನು ಜನಪ್ರಿಯಗೊಳಿಸಿದ್ದು ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ. ಅದನ್ನು ನೋಡಿ ಪ್ರಭಾವಿತರಾದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿ.ಸಿ. ರಾಯ್ ಅವರ ಆಸಕ್ತಿಯಿಂದ 1959ರಲ್ಲಿ ಕಲ್ಕತ್ತೆಯಲ್ಲಿ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಆರಂಭವಾಯಿತು. ಬೆಂಗಳೂರಿನದು ಅದರ ತಂಗಿ ಎನ್ನಬಹುದು.

ಎಂಜಿನ್ ಹಾಲ್‌ನಲ್ಲಿ ಅಜ್ಜನ ಪಾಠ

ಬಾಗಿಲ ಬಳಿಯಲ್ಲೇ ಮೈ ಅಲುಗಿಸುವ ಬೃಹತ್ ಡೈನೋಸಾರ್ ಪ್ರತಿಕೃತಿ ಚಿಕ್ಕ ಮಕ್ಕಳನ್ನು ಹಿಡಿದು ನಿಲ್ಲಿಸುತ್ತದೆ. ಕೆಲವರನ್ನು ಅಳಿಸುವುದೂ ಉಂಟು. ಅದನ್ನು ದಾಟಿದ ಮೇಲೆ ಎಂಜಿನ್ ಹಾಲ್. ನಿಜವಾದ ಎಂಜಿನ್‌ಗಳು, ಹಲ್ಲುಗಾಲಿಗಳು, ಸನ್ನೆಗಳು, ಒಂದು ಬಗೆಯ ಚಲನೆಯನ್ನು ಇನ್ನೊಂದಕ್ಕೆ ಬದಲಿಸುವ ಯಂತ್ರಾಂಗಗಳು ಇಲ್ಲಿವೆ. ತಂತಿಯ ಹಳಿಗಳ ಮೇಲೆ ಉರುಳುತ್ತಾ ಬೀಳುವ ಚೆಂಡುಗಳ ಯಂತ್ರದ ಮುಂದೆ ಮಕ್ಕಳ ಗುಂಪು ಸದಾ ಇರುತ್ತದೆ.

ವಿಜ್ಞಾನ ಓದಿಲ್ಲದ ಹಿರಿಯರು ಇಂತಹ ಕಡೆ ಹಿಂದೆ ಸರಿದು ಗೋಡೆಗೊರಗುವುದು ಸಾಮಾನ್ಯ. ಇದು ಅಕಾರಣವಾದ ಸಂಕೋಚ. ಹೊಲದ ಬಾವಿಗೆ ಡೀಸೆಲ್ ಪಂಪ್‌ಸೆಟ್ ಇಟ್ಟು ನೀರೆತ್ತಿದ ಅಜ್ಜನಿಗೆ ಸೀಳಿಟ್ಟ ಎಂಜಿನ್ನಿನ ಪಿಸ್ಟನ್ ಏಕೆ ಮೇಲೆ ಕೆಳಗೆ ಆಡುತ್ತದೆ ಎಂಬುದು ಗೊತ್ತು. ಹೊಲಿಗೆ ಯಂತ್ರ ತುಳಿದ ಅಜ್ಜಿಗೆ ಪಾದದ ಮೇಲುಕೆಳಗಿನ ಆಟ ಗಾಲಿಯ ತಿರುಗಾಟವಾಗುವ ಬಗೆ ಗೊತ್ತು. ಅದು ಕ್ರ್ಯಾಂಕ್ ಎಂಬ ಹೆಸರಷ್ಟೇ ಗೊತ್ತಿಲ್ಲ. ಸೈಕಲ್ಲಿನ ಚೈನು, ಹಿಟ್ಟಿನ ಗಿರಣಿಯ ಬೆಲ್ಟು, ಬಾವಿಯ ರಾಟೆ ಇವೆಲ್ಲವೂ ಆ ಸಭಾಂಗಣದ ಬಂಧುಗಳೇ. ಮೊಮ್ಮಗು ಪಠ್ಯಪುಸ್ತಕದಲ್ಲಿ ಓದಿದ್ದಕ್ಕೆ ಮನೆಯ ಹಿರಿಯರು ಸಾಕ್ಷಿ ನುಡಿಯಬಲ್ಲ ಜಾಗ ಊರಿನಲ್ಲಿ ಬೇರೆಡೆ ಸುಲಭವಾಗಿ ಸಿಗದು.

ರೈಟ್ ಸಹೋದರರ 1903ರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇಲ್ಲಿನ ಮತ್ತೊಂದು ಆಕರ್ಷಣೆ. ಮೊದಲ ಹಾರಾಟ 12 ಸೆಕೆಂಡುಗಳದು, 120 ಅಡಿಗಳದು. ಈ ದೂರವನ್ನು ಮಗು ಹೆಜ್ಜೆಯಲ್ಲಿ ಅಳೆದು ನೋಡಿದರೆ ಸಂಖ್ಯೆಗೆ ಜೀವ ಬರುತ್ತದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನವೂ ಆವರಣದಲ್ಲಿದೆ. ಎರಡರ ನಡುವಿನ ಅಂತರ 58 ವರ್ಷ; ಒಬ್ಬ ಮನುಷ್ಯನ ಆಯುಷ್ಯಕ್ಕಿಂತ ಕಡಿಮೆ.

ಉತ್ತರಕ್ಕಿಂತ ಮೊದಲು ಪ್ರಶ್ನೆ

ಧ್ವನಿ, ಬೆಳಕು, ದ್ರವಗಳು, ಗಣಿತ, ಇಂದ್ರಿಯಗ್ರಹಿಕೆಗಳನ್ನು ಆಟದ ಮೂಲಕ ಪರಿಚಯಿಸುವ ಮೋಜಿನ ವಿಜ್ಞಾನ ವಿಭಾಗದಲ್ಲಿ ಗದ್ದಲ ಹೆಚ್ಚು. ಇಂತಹ ವಿಭಾಗಗಳಲ್ಲಿ ದೇಶದೆಲ್ಲೆಡೆ ಕಾಣಸಿಗುವ ಕೆಲವು ಪ್ರದರ್ಶಿಕೆಗಳು ಕುಟುಂಬದ ಆಟಕ್ಕೆ ಹೇಳಿಮಾಡಿಸಿದಂತಿರುತ್ತವೆ. ಎದುರುಬದುರಾಗಿ ನಿಲ್ಲಿಸಿದ ಎರಡು ದೊಡ್ಡ ತಟ್ಟೆಗಳಲ್ಲಿ ಒಂದರ ಬಳಿ ಪಿಸುಗುಟ್ಟಿದರೆ ದೂರದ ಇನ್ನೊಂದರ ಬಳಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಮೊದಲ ತಟ್ಟೆ ಧ್ವನಿಯನ್ನು ಚದುರಲು ಬಿಡದೆ ಕಳುಹಿಸುತ್ತದೆ, ಎರಡನೆಯದು ಅದನ್ನು ಒಂದೇ ಬಿಂದುವಿಗೆ ಕೂಡಿಹಾಕುತ್ತದೆ. ನಿಮ್ನ ದರ್ಪಣದ ಹತ್ತಿರ ಮುಖ ದೊಡ್ಡದಾಗಿ ಕಂಡು, ಹಿಂದೆ ಸರಿದಂತೆ ಒಂದು ಹಂತದ ಬಳಿಕ ತಲೆಕೆಳಗಾಗುತ್ತದೆ. ಇದರ ಮುಂದುವರಿದ ಪಾಠ ಊಟದ ಚಮಚದಲ್ಲಿದೆ.

ಪೆಡಲ್ ತುಳಿದು ಬಲ್ಬು ಉರಿಸುವ ಯಂತ್ರ ಸಿಕ್ಕಲ್ಲಿ ಅದನ್ನು ತಪ್ಪಿಸಬಾರದು. 60 ವಾಟ್‌ನ ಹಳೆಯ ತಂತಿ ಬಲ್ಬಿಗೂ ಸುಮಾರು ಅಷ್ಟೇ ಬೆಳಕು ಕೊಡುವ 9 ವಾಟ್‌ನ ಎಲ್‌ಇಡಿಗೂ ಇರುವ ವ್ಯತ್ಯಾಸ ಕಾಲಿಗೆ ನೇರವಾಗಿ ತಿಳಿಯುತ್ತದೆ. ವಿದ್ಯುತ್ ಬಿಲ್ಲಿನ ಬಗ್ಗೆ ಮನೆಯಲ್ಲಿ ಎಷ್ಟು ಹೇಳಿದರೂ ಆಗದ ಮನವರಿಕೆ ಇಲ್ಲಿ ಎರಡು ನಿಮಿಷದಲ್ಲಿ ಆಗುತ್ತದೆ.

ದೊಡ್ಡವರು ಮಾಡುವ ಸಾಮಾನ್ಯ ತಪ್ಪೆಂದರೆ ಫಲಕವನ್ನು ಮೊದಲು ಗಟ್ಟಿಯಾಗಿ ಓದಿ ಹೇಳಿಬಿಡುವುದು. ಗುಂಡಿ ಒತ್ತುವ ಮೊದಲು 'ಏನಾಗಬಹುದು ಹೇಳು ನೋಡೋಣ' ಎಂದು ಕೇಳಿ, ಮಗುವಿನ ಊಹೆ ಸುಳ್ಳಾದಾಗ ನಗದೆ, ಇನ್ನೊಮ್ಮೆ ಒತ್ತಲು ಬಿಟ್ಟು, ಆಮೇಲೆ ಫಲಕದ ಕಡೆ ತಿರುಗುವುದು ಉತ್ತಮ ಕ್ರಮ. ಎಲ್ಲ ವಿಭಾಗಗಳನ್ನೂ ಒಂದೇ ದಿನ ಮುಗಿಸುವ ಹಟವೂ ಬೇಡ. ವಸ್ತುಸಂಗ್ರಹಾಲಯದ ಆಯಾಸ ಎಂಬುದನ್ನು ಅಮೆರಿಕದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಷ್ಟು ಹಿಂದೆಯೇ ಗುರುತಿಸಿ ಬರೆದಿದ್ದರು. ನಡೆದು, ನಿಂತು, ಬಾಗಿ ದಣಿದ ಕಣ್ಣು ಆಮೇಲೆ ಎಲ್ಲವನ್ನೂ ನೋಡುತ್ತದೆ, ಯಾವುದನ್ನೂ ಕಾಣುವುದಿಲ್ಲ. ಎರಡು ವಿಭಾಗ, ನಡುವೆ ಕಬ್ಬನ್ ಪಾರ್ಕಿನ ಮರದಡಿ ಮನೆಯಿಂದ ತಂದ ಚಿತ್ರಾನ್ನ, ಬಳಿಕ ಒಂದು ವಿಜ್ಞಾನ ಪ್ರಾತ್ಯಕ್ಷಿಕೆ. ಇಷ್ಟು ಧಾರಾಳವಾಯಿತು.

ಮಗಳಿಗೆ ಯಾರು ವಿವರಿಸುತ್ತಾರೆ?

ಕುಟುಂಬದ ಭೇಟಿಯಲ್ಲಿ ಅರಿವಿಲ್ಲದೆ ನಡೆಯುವ ಒಂದು ಅನ್ಯಾಯದ ಬಗ್ಗೆ ಇಲ್ಲಿ ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಮಕ್ಕಳ ವಸ್ತುಸಂಗ್ರಹಾಲಯವೊಂದರಲ್ಲಿ ಕೆವಿನ್ ಕ್ರೌಲಿ, ಮೌರೀನ್ ಕ್ಯಾಲನನ್ ಮತ್ತು ಸಂಗಡಿಗರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ತಂದೆತಾಯಿಯರು ಮಕ್ಕಳೊಡನೆ ಆಡುವ ಮಾತುಗಳನ್ನು ಪರಿಶೀಲಿಸಿತು. ಪ್ರದರ್ಶಿಕೆಯನ್ನು ಬಳಸುವ ಬಗೆಯನ್ನು ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಹೇಳಿಕೊಡುತ್ತಿದ್ದ ಪೋಷಕರು, ಅದು ಏಕೆ ಹಾಗಾಗುತ್ತದೆ ಎಂಬ ವಿವರಣೆಯನ್ನು ಮಾತ್ರ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಸುಮಾರು ಮೂರು ಪಟ್ಟು ಹೆಚ್ಚಾಗಿ ನೀಡುತ್ತಿದ್ದರು. ಮಕ್ಕಳಲ್ಲಿ ಹೆಚ್ಚಿನವರು ಇನ್ನೂ ಪ್ರಾಥಮಿಕ ಶಾಲೆಯ ಆರಂಭದ ಅಥವಾ ಅದಕ್ಕೂ ಕೆಳಗಿನ ವಯಸ್ಸಿನವರು. ಅಂದರೆ ವಿಜ್ಞಾನ ತನ್ನದಲ್ಲವೆಂಬ ಭಾವನೆ ಹುಡುಗಿಯ ಮನಸ್ಸಿನಲ್ಲಿ ಬೇರೂರಲು ಶಾಲೆಯ ತನಕ ಕಾಯಬೇಕಿಲ್ಲ. ಭಾನುವಾರದ ನಲಿವಿನ ನಡುವೆ, ಪ್ರೀತಿಯ ತಂದೆತಾಯಿಯರಿಂದಲೇ ಅದು ಆಗಿಬಿಡಬಹುದು.

ಅದು ಅಮೆರಿಕದ ಲೆಕ್ಕ, ನಿಜ. ಆದರೂ ಎಂಜಿನ್ ಹಾಲ್‌ನಲ್ಲಿ ತುಸು ಹೊತ್ತು ನಿಂತವರಿಗೆ ಅಣ್ಣನ ಕೈಗೆ ಹಿಡಿಕೆ ಸಿಕ್ಕಿ, ತಂಗಿ ಅಮ್ಮನ ಸೆರಗು ಹಿಡಿದು ಹಿಂದೆ ನಿಂತಿರುವ ದೃಶ್ಯ ಅಪರಿಚಿತವೇನಲ್ಲ. ಸರದಿಯನ್ನು ಚಿಕ್ಕವಳಿಂದ ಶುರುಮಾಡುವುದು, ಅಣ್ಣನಿಗೆ ಹೇಳಿದ ಕಾರಣವನ್ನೇ ಅವಳಿಗೂ ಹೇಳುವುದು, ಬೇಕಾದರೆ ಅವಳಿಂದಲೇ ಅಣ್ಣನಿಗೆ ಹೇಳಿಸುವುದು ಖರ್ಚಿಲ್ಲದ ಪರಿಹಾರ. ಸಂಗ್ರಹಾಲಯದ ಸಿಬ್ಬಂದಿ ನಡೆಸುವ ಪ್ರಾತ್ಯಕ್ಷಿಕೆಗಳಲ್ಲಿ 'ಯಾರು ಮುಂದೆ ಬರುತ್ತೀರಿ' ಎಂದಾಗಲೂ ಮಗಳ ಬೆನ್ನು ಮೆಲ್ಲಗೆ ತಟ್ಟಬೇಕಾದವರು ಮನೆಯವರೇ.

ಶಿಬಿರ, ನಾಟಕ, ಸಂಚಾರಿ ಬಸ್ಸು

ಒಂದು ದಿನದ ಭೇಟಿಯಾಚೆಗೂ ಕಾರ್ಯಕ್ರಮಗಳಿವೆ. ಬೇಸಿಗೆ ರಜೆಯ ಹವ್ಯಾಸ ಶಿಬಿರಗಳಲ್ಲಿ ಮಕ್ಕಳು ಮಾದರಿಗಳನ್ನು ಸ್ವತಃ ಕಟ್ಟುತ್ತಾರೆ. ದಕ್ಷಿಣ ರಾಜ್ಯಗಳ ಶಾಲಾ ಮಕ್ಕಳಿಗಾಗಿ ವಿಜ್ಞಾನ ಮೇಳ, ವಿಜ್ಞಾನ ನಾಟಕ ಸ್ಪರ್ಧೆಗಳು ನಡೆಯುತ್ತವೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಮತ್ತು ಮೇ 18ರ ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನಗಳು ವಿಶೇಷ ಕಾರ್ಯಕ್ರಮಗಳ ಸಂದರ್ಭ. ಶಿಬಿರದ ಸ್ಥಾನಗಳು ಸೀಮಿತವಾದ್ದರಿಂದ ರಜೆ ಆರಂಭವಾಗುವ ಮುನ್ನವೇ ವಿಚಾರಿಸುವುದು ಒಳ್ಳೆಯದು. ಪ್ರವೇಶದರ ಕಾಲಕಾಲಕ್ಕೆ ಬದಲಾಗುತ್ತದೆ. ಮೂರು ಆಯಾಮದ ಚಿತ್ರಪ್ರದರ್ಶನದಂತಹವುಗಳಿಗೆ ಪ್ರತ್ಯೇಕ ಟಿಕೆಟ್.

ಬೆಂಗಳೂರಿಗೆ ಬಂದುಹೋಗುವ ಖರ್ಚು ಎಲ್ಲರಿಗೂ ನಿಲುಕುವುದಲ್ಲ ಎಂಬುದು ದೊಡ್ಡ ಮಾತು. ಟಿಕೆಟ್ಟಿನ ದರಕ್ಕಿಂತ ಬಸ್ ಚಾರ್ಜು, ಒಂದು ದಿನದ ಕೂಲಿಯ ನಷ್ಟ ಇವೇ ಭಾರ. ಬಸ್ಸಿನಲ್ಲಿ ಪ್ರದರ್ಶಿಕೆಗಳನ್ನು ಹೇರಿಕೊಂಡು ಹಳ್ಳಿಯ ಶಾಲೆಗಳಿಗೆ ಹೋಗುವ ಸಂಚಾರಿ ವಿಜ್ಞಾನ ಪ್ರದರ್ಶನ ಹುಟ್ಟಿಕೊಂಡದ್ದು ಈ ಕಾರಣದಿಂದಲೇ; ಕಲ್ಕತ್ತೆಯಲ್ಲಿ 1965ರಲ್ಲಿ ಶುರುವಾದ ಈ ಪದ್ಧತಿಯನ್ನು ಬೆಂಗಳೂರೂ ಅನುಸರಿಸಿತು. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ, ಮಂಗಳೂರಿನ ಪಿಲಿಕುಳದಲ್ಲಿ 2014ರಲ್ಲಿ ತೆರೆದ ಇನ್ನೊಂದು ಕೇಂದ್ರ ಹಾಗೂ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯ ಇವೆ. ಬೆಂಗಳೂರಿನ ನೆಹರೂ ತಾರಾಲಯ 1989ರದು. ಅಲ್ಲಿ ಕನ್ನಡದಲ್ಲೂ ಪ್ರದರ್ಶನಗಳಿವೆ. ಅಜ್ಜಿಯನ್ನೂ ಕರೆದೊಯ್ಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಆಕಾಶದ ಘಟನೆಗಳ ದಿನ ಇಂತಹ ಕೇಂದ್ರಗಳ ಪಾತ್ರ ಇನ್ನೂ ಹಿರಿದು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಕರ್ನಾಟಕದ ದಕ್ಷಿಣ ಅಂಚಿನಲ್ಲಿ ಪೂರ್ಣ ಬಳೆಯಾಗಿ ಕಂಡಾಗ, ಅನೇಕ ಮನೆಗಳಲ್ಲಿ ಮಕ್ಕಳನ್ನು ಬಾಗಿಲು ಹಾಕಿ ಒಳಗೆ ಕೂರಿಸಲಾಗಿತ್ತು. ಬರಿಗಣ್ಣಿನಿಂದ ಸೂರ್ಯನನ್ನು ನೋಡುವುದು ಅಪಾಯವೆಂಬುದು ಸತ್ಯ. ಸರಿಯಾದ ಸೌರಶೋಧಕದ ಮೂಲಕ ಅಥವಾ ಸೂಜಿರಂಧ್ರದಿಂದ ಗೋಡೆಗೆ ಬೀಳಿಸಿದ ಬಿಂಬವಾಗಿ ನೋಡುವುದರಲ್ಲಿ ಅಪಾಯವಿಲ್ಲವೆಂಬುದೂ ಅಷ್ಟೇ ಸತ್ಯ. 2027ರ ಆಗಸ್ಟ್ 2ರ ಗ್ರಹಣ ರಾಜ್ಯದಲ್ಲಿ ಪಾರ್ಶ್ವಗ್ರಹಣವಾಗಿ ಕಾಣುವಂಥದ್ದು.

ಗ್ರಹಣಕ್ಕೆ ಕಾಯಲಾರದವರಿಗೆ ಶೂನ್ಯ ನೆರಳಿನ ದಿನವಿದೆ. ಸೂರ್ಯ ವರ್ಷಕ್ಕೆರಡು ಬಾರಿ ನಡುನೆತ್ತಿಯ ಮೇಲೆ ನೇರವಾಗಿ ಬರುವುದು ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ಮಾತ್ರ ಲಭ್ಯವಾದ ಭಾಗ್ಯ. ಇಡೀ ಕರ್ನಾಟಕ ಆ ಪಟ್ಟಿಯೊಳಗಿದೆ, ದೆಹಲಿ ಇಲ್ಲ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಆಸುಪಾಸಿನಲ್ಲಿ, ಮತ್ತೆ ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಸುಮಾರಿಗೆ ಸಮತಟ್ಟಾದ ನೆಲದ ಮೇಲೆ ಚೊಂಬನ್ನೋ ಲೋಟವನ್ನೋ ನೆಟ್ಟಗೆ ಇಟ್ಟರೆ ಅದರ ನೆರಳು ಬುಡದಡಿ ಅಡಗಿಬಿಡುತ್ತದೆ. ಉತ್ತರಕ್ಕೆ ಹೋದಂತೆ ದಿನ ಮುಂದಕ್ಕೆ ಸರಿಯುತ್ತದೆ. ಧಾರವಾಡದಲ್ಲಿ ಮೇ ಆರಂಭದಲ್ಲಿ, ಕಲಬುರಗಿಯಲ್ಲಿ ಮೇ ಎರಡನೆಯ ವಾರದಲ್ಲಿ. ಬೆಂಗಳೂರಿನ ಮೊಮ್ಮಗಳು ಏಪ್ರಿಲ್‌ನಲ್ಲಿ ತಾರಸಿಯ ಮೇಲೆ ಕಂಡದ್ದನ್ನು ಕಲಬುರಗಿಯ ಅಜ್ಜ ಎರಡು ವಾರದ ಬಳಿಕ ಅಂಗಳದಲ್ಲಿ ನೋಡಿ, ದಿನಾಂಕವನ್ನು ಫೋನಿನಲ್ಲಿ ತಿಳಿಸಬಹುದು.