ಒರಟು ಕಲ್ಲು ನುಣುಪಾಗುವುದು ಹೇಗೆ? ನಿಗಡಿ ಸುತ್ತಲಿನ ಕಲ್ಲು, ಉರುಳುವ ಡ್ರಮ್ ಮತ್ತು ಒಂದು ತಿಂಗಳ ಕೆಲಸ

ಪುಣೆ: ಒರಟು ಕಲ್ಲುಗಳನ್ನು ಸಣ್ಣ ಡ್ರಮ್ಮಿಗೆ ಹಾಕಿ, ನೀರು ಮತ್ತು ಸಾಣೆಪುಡಿ ಸೇರಿಸಿ, ವಾರಗಟ್ಟಲೆ ಉರುಳಿಸಿ ನುಣುಪಾಗಿಸುವ ಹವ್ಯಾಸಕ್ಕೆ ರಾಕ್ ಟಂಬ್ಲಿಂಗ್ ಎಂದು ಹೆಸರು. ಬಾಲ್ಕನಿಯ ಮೂಲೆಯಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಯಂತ್ರಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮಕ್ಕಳ ವಿಜ್ಞಾನದ ಆಟಿಕೆ ಎಂದೂ ಮಾರಾಟವಾಗುತ್ತವೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಗಾಜಿನಂತೆ ಹೊಳೆಯುವ ಕಲ್ಲುಗಳಿರುತ್ತವೆ. ಆದರೆ ತಿಂಗಳ ನಂತರ ಡ್ರಮ್ಮಿನಿಂದ ಹೊರಬರುವುದು ಹಲವು ಸಲ ಮಂಕಾದ, ಚಕ್ಕೆ ಎದ್ದ ಕಲ್ಲು. ಇದಕ್ಕೆ ಯಂತ್ರವನ್ನು ದೂರುವವರೇ ಹೆಚ್ಚು. ನಿಜವಾದ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಯಾವ ಕಲ್ಲು ಹಾಕಿದರು, ಮೊದಲ ಹಂತಕ್ಕೆ ಎಷ್ಟು ದಿನ ಕೊಟ್ಟರು, ಹಂತ ಬದಲಿಸುವಾಗ ಎಷ್ಟು ಚೆನ್ನಾಗಿ ತೊಳೆದರು ಎಂಬುದರ ಮೇಲೆ ಬಹುಪಾಲು ಫಲಿತಾಂಶ ನಿಂತಿದೆ.

ಪಿಂಪ್ರಿ-ಚಿಂಚವಾಡದ ನಿಗಡಿಯಂಥ ಊರು ಈ ಕೆಲಸಕ್ಕೆ ಎರಡು ರೀತಿಯಲ್ಲಿ ಅನುಕೂಲ. ಕಾಲ ಕೆಳಗಿನ ನೆಲವೆಲ್ಲ ದಖ್ಖನ್ ಟ್ರ್ಯಾಪ್. ಅಕ್ಕಪಕ್ಕದ ಆಕುರ್ಡಿ, ಚಿಂಚವಾಡ, ಭೋಸರಿಗಳಲ್ಲಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು. ಅಚ್ಚಿನಿಂದ ಬಂದ ಅಥವಾ ಲೇತ್‌ನಲ್ಲಿ ಕಡೆದ ಲೋಹದ ತುಂಡಿನ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳುಗಳನ್ನು ತೆಗೆಯಲು ಇಂಥ ಉದ್ಯಮಗಳಲ್ಲಿ ಬಳಸುವ ಉರುಳುವ, ಅದುರುವ ಯಂತ್ರಗಳ ತತ್ವವೂ ಹವ್ಯಾಸಿಯ ಟಂಬ್ಲರ್‌ನ ತತ್ವವೂ ಒಂದೇ. ಕೆಲಸ ಅರಸಿ ಉತ್ತರ ಕರ್ನಾಟಕದಿಂದ ಇತ್ತ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಯಂತ್ರ ಬಲ್ಲವರು ಇಲ್ಲದಿರಲಾರರು.

ಯಾವ ಕಲ್ಲು ಹಾಕಬೇಕು?

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಪದರ ಪದರವಾಗಿ ನಿಂತದ್ದೇ ದಖ್ಖನ್ ಟ್ರ್ಯಾಪ್. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ಕರಿಕಲ್ಲಿನ ಹಾಸು ಪುಣೆಯಿಂದ ತೆಂಕಣಕ್ಕೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೂ ಬರುತ್ತದೆ. ಲಾವಾ ತಣಿಯುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಪೊಳ್ಳಾಗಿ ಉಳಿದವು. ಆಮೇಲೆ ನೆಲದೊಳಗಿನ ನೀರು ಹೊತ್ತು ತಂದ ಖನಿಜಗಳು ಆ ಪೊಳ್ಳುಗಳಲ್ಲಿ ನಿಧಾನವಾಗಿ ತುಂಬಿಕೊಂಡವು. ಬಾವಿ ತೋಡುವಾಗ, ಕಟ್ಟಡದ ಪಾಯ ಅಗೆಯುವಾಗ ಕರಿಕಲ್ಲಿನ ನಡುವೆ ಬಿಳಿ, ಹಾಲುಗಂದು, ತಿಳಿಹಸಿರಿನ ಹರಳುಗಳು ಕಾಣುವುದು ಇದರಿಂದಲೇ.

ಇಲ್ಲಿ ಒಂದು ಎಚ್ಚರ ಬೇಕು. ಗುಳ್ಳೆಯಲ್ಲಿ ತುಂಬಿದ್ದೆಲ್ಲ ಡ್ರಮ್ಮಿಗೆ ಹಾಕುವ ಕಲ್ಲಲ್ಲ. ಪುಣೆ ಸೀಮೆ ಜಗತ್ತಿನ ಖನಿಜ ಸಂಗ್ರಾಹಕರಿಗೆ ಗೊತ್ತಿರುವುದು ಜಿಯೋಲೈಟ್ ಗುಂಪಿನ ಹರಳುಗಳಿಂದ ಮತ್ತು ನಗರದ ಪೂರ್ವಕ್ಕಿರುವ ವಾಘೋಲಿಯ ಕಲ್ಲುಗಣಿಗಳಲ್ಲಿ ಸಿಕ್ಕ ನೀಲಿ ಕ್ಯಾವನ್‌ಸೈಟ್‌ನಿಂದ. ಇವೆಲ್ಲ ಮೆದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸ್ಟಿಲ್ಬೈಟ್ 4ರ ಒಳಗೆ, ಅಪೋಫಿಲೈಟ್ 5ರ ಒಳಗೆ, ಕ್ಯಾಲ್ಸೈಟ್ ಬರೀ 3. ಇವನ್ನು ಗಟ್ಟಿ ಕಲ್ಲಿನೊಂದಿಗೆ ಉರುಳಿಸಿದರೆ ಒಂದೇ ವಾರದಲ್ಲಿ ಕೆಸರಾಗಿ ಹೋಗುತ್ತವೆ. ಚಂದದ ಹರಳನ್ನು ಹಾಗೇ ಇಟ್ಟುಕೊಳ್ಳುವುದೇ ಸರಿ.

ಟಂಬ್ಲಿಂಗ್‌ಗೆ ಬೇಕಾದ್ದು ಅಗೇಟ್, ಚಾಲ್ಸೆಡನಿ, ಜ್ಯಾಸ್ಪರ್ ಮತ್ತು ಬಿರುಕಿಲ್ಲದ ಬೆಣಚುಕಲ್ಲು. ಮರಾಠಿಯಲ್ಲಿ ಇಂಥವನ್ನು ಒಟ್ಟಾಗಿ ಗಾರಗೋಟಿ ಎನ್ನುವುದುಂಟು. ಎಲ್ಲವೂ ಸಿಲಿಕಾದ ರೂಪಗಳು, ಗಡಸುತನ 6.5ರಿಂದ 7. ಗುರುತಿಸುವುದು ಸುಲಭ. ಚಾಕುವಿನ ತುದಿಯಿಂದ ಗೀರಿದರೆ ಗಾಯವಾಗುವ ಕಲ್ಲು ಬೇಡ. ಚಾಕುವೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಉಳಿದರೆ ಆ ಕಲ್ಲು ಬೇಕು.

ಹಾಗಾದರೆ ಎಲ್ಲೆಡೆ ಬಿದ್ದಿರುವ ಕರಿಕಲ್ಲು? ಒತ್ತಾದ, ತೂತಿಲ್ಲದ ಬಸಾಲ್ಟ್ ಚೆನ್ನಾಗಿಯೇ ಗುಂಡಾಗುತ್ತದೆ, ಕೈಗೆ ನುಣುಪೂ ಆಗುತ್ತದೆ. ಆದರೆ ಅದು ಹಲವು ಖನಿಜಗಳ ಮಿಶ್ರಣ. ಒಂದೊಂದು ಒಂದೊಂದು ವೇಗದಲ್ಲಿ ಸವೆಯುವುದರಿಂದ ಗಾಜಿನ ಹೊಳಪು ಬರುವುದು ಅಪರೂಪ. ತೂತುತೂತಾದ ಬಸಾಲ್ಟ್ ಮಾತ್ರ ಸುತರಾಂ ಬೇಡ. ತೂತಿನಲ್ಲಿ ಕುಳಿತ ಒರಟು ಪುಡಿ ಮುಂದಿನ ಹಂತದಲ್ಲಿ ಹೊರಬಂದು ಜೊತೆಗಿರುವ ಕಲ್ಲುಗಳನ್ನೆಲ್ಲ ಗೀರುತ್ತದೆ.

ಕಲ್ಲು ಆರಿಸುವ ಜಾಗದ ಬಗ್ಗೆಯೂ ಯೋಚಿಸಬೇಕು. ಲೋಹಗಡ, ವಿಸಾಪುರ ಕೋಟೆ, ಕಾರ್ಲಾ, ಭಾಜಾ ಗುಹೆಗಳು ಸಂರಕ್ಷಿತ ಸ್ಮಾರಕಗಳು. ಅಲ್ಲಿಂದಾಗಲಿ, ಅರಣ್ಯ ಪ್ರದೇಶದಿಂದಾಗಲಿ, ನಿಗಡಿಯ ದುರ್ಗಾ ಟೆಕಡಿಯಂಥ ಪಾಲಿಕೆಯ ಉದ್ಯಾನದಿಂದಾಗಲಿ ಕಲ್ಲು ಎತ್ತಿ ತರುವಂತಿಲ್ಲ. ಪಾಯ ಅಗೆಯುತ್ತಿರುವ ಜಾಗದಲ್ಲಿ ಮಾಲೀಕರನ್ನು ಕೇಳಿ ತರಬಹುದು. ಆಗದಿದ್ದರೆ ಒರಟು ಅಗೇಟ್ ಕೆ.ಜಿ. ಲೆಕ್ಕದಲ್ಲಿ ಮಾರಾಟಕ್ಕೂ ಸಿಗುತ್ತದೆ.

ನದಿಯಲ್ಲಿ ಆಗುವುದು, ಖಂಬಾತಿನಲ್ಲಿ ಮಾಡುವುದು

ನಿಗಡಿ ಸುತ್ತಲಿನ ಹಳ್ಳಗಳ ನೀರು ಪವನಾ ನದಿಗೆ, ಅಲ್ಲಿಂದ ಮುಳಾ-ಮುಠಾ ಮೂಲಕ ಭೀಮೆಗೆ ಸೇರುತ್ತದೆ. ಭೀಮೆ ವಿಜಯಪುರ, ಕಲಬುರಗಿ ಸೀಮೆಗಳನ್ನು ಹಾದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಕೂಡುತ್ತದೆ. ದಾರಿಯುದ್ದಕ್ಕೂ ಕರಿಕಲ್ಲು ಸವೆದು ಕರಗಿದರೂ ಒಳಗಿದ್ದ ಅಗೇಟ್, ಚಾಲ್ಸೆಡನಿ ಉಂಡೆಗಳು ಉಳಿದು ಹೊಳೆಯ ಜಲ್ಲಿಯಲ್ಲಿ ಗುಂಡಾಗಿ ಸಿಗುತ್ತವೆ. ನದಿಯೂ ಒಂದು ಟಂಬ್ಲರ್ ಎಂದು ಹೇಳುವುದು ರೂಢಿ. ಅರ್ಧ ಮಾತ್ರ ನಿಜ. ನದಿ ಕಲ್ಲನ್ನು ಗುಂಡು ಮಾಡುತ್ತದೆ, ಹೊಳಪು ಕೊಡುವುದಿಲ್ಲ. ಅಲ್ಲಿರುವುದು ಸದಾ ಒರಟು ಮರಳು. ಇನ್ನೂ ನಯವಾದ ಪುಡಿ, ಅದಕ್ಕಿಂತ ನಯವಾದ ಪುಡಿ ಎಂಬ ಸರದಿ ಅಲ್ಲಿಲ್ಲ.

ಆ ಸರದಿಯನ್ನು ಮನುಷ್ಯರು ಕಂಡುಕೊಂಡು ಸಾವಿರಾರು ವರ್ಷಗಳಾದವು. 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಗೇಟ್, ಕಾರ್ನೀಲಿಯನ್ ಮಣಿಗಳು ದೊರೆತಿವೆ. ಇಂದಿನ ಹವ್ಯಾಸಿ ಯಂತ್ರದ ನಿಜವಾದ ಪೂರ್ವಜವನ್ನು ನೋಡಬೇಕಾದರೆ ಗುಜರಾತಿನ ಖಂಬಾತಿಗೆ ಹೋಗಬೇಕು. ಭರೂಚ್ ಜಿಲ್ಲೆಯ ರತನಪುರದ ಗಣಿಗಳಿಂದ ಬಂದ ಅಗೇಟನ್ನು ಅಲ್ಲಿನ ಕುಶಲಕರ್ಮಿಗಳು ಬಿಸಿಮಾಡಿ ಕೆಂಪಾಗಿಸುತ್ತಾರೆ, ಕಬ್ಬಿಣದ ಮೊಳೆಗೆ ಆನಿಸಿ ಕೊಂಬಿನ ಸುತ್ತಿಗೆಯಿಂದ ಚಕ್ಕೆ ಎಬ್ಬಿಸುತ್ತಾರೆ, ಸಾಣೆ ಹಿಡಿಯುತ್ತಾರೆ. ಕೊನೆಯ ಮೆರುಗಿಗೆ ಮಣಿಗಳನ್ನು ಎಮರಿ ಪುಡಿ ಮತ್ತು ನೀರಿನೊಂದಿಗೆ ತೊಗಲಿನ ಚೀಲಕ್ಕೆ ತುಂಬಿ, ಎದುರುಬದುರು ಕುಳಿತ ಇಬ್ಬರು ಅದನ್ನು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುವ ಪದ್ಧತಿಯಿತ್ತು. ಈಗ ಆ ಕೆಲಸವನ್ನು ಮೋಟಾರಿನ ಡ್ರಮ್ ಮಾಡುತ್ತದೆ. ಹರಪ್ಪಾ ಕಾಲದ ಮಣಿಗಳು ಹೇಗೆ ತಯಾರಾಗಿರಬಹುದು ಎಂದು ತಿಳಿಯಲು ಮಾರ್ಕ್ ಕೆನೊಯರ್, ಮಾಸ್ಸಿಮೊ ವಿಡಾಲೆ, ಕುಲದೀಪ್ ಭಾನ್ ಅವರಂಥ ಪುರಾತತ್ವಜ್ಞರು ಅಧ್ಯಯನ ಮಾಡಿದ್ದು ಈ ಖಂಬಾತಿನ ಕುಶಲಕರ್ಮಿಗಳನ್ನೇ.

ನಾಲ್ಕು ಹಂತ, ಅದರಲ್ಲಿ ಮೊದಲನೆಯದೇ ಮುಖ್ಯ

ಮನೆಬಳಕೆಯ ಯಂತ್ರಗಳಲ್ಲಿ ಎರಡು ಬಗೆ. ಉರುಳುವ ಡ್ರಮ್ಮಿನದು ಒಂದು, ಬಟ್ಟಲು ಅದುರುವಂಥದ್ದು ಇನ್ನೊಂದು. ಅದುರುವ ಯಂತ್ರ ಬೇಗ ಕೆಲಸ ಮುಗಿಸುತ್ತದೆ, ಆದರೆ ಕಲ್ಲಿನ ಮೂಲ ಆಕಾರ ಹಾಗೇ ಉಳಿಯುತ್ತದೆ. ಗುಂಡಾಗಬೇಕಾದರೆ ಉರುಳುವ ಡ್ರಮ್ಮೇ ಬೇಕು. ಫ್ಲಾಟ್‌ನಲ್ಲಿ ಇರುವವರಿಗೆ ರಬ್ಬರ್ ಡ್ರಮ್ ಒಳ್ಳೆಯದು. ಪ್ಲಾಸ್ಟಿಕ್ ಡ್ರಮ್ಮಿನ ಗಡಗಡ ಸದ್ದು ರಾತ್ರಿಯಿಡೀ ಪಕ್ಕದ ಮನೆಗೂ ಕೇಳುತ್ತದೆ.

ಡ್ರಮ್ಮಿನ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಕಲ್ಲು ತುಂಬಬೇಕು. ಅದಕ್ಕಿಂತ ಕಡಿಮೆಯಾದರೆ ಕಲ್ಲುಗಳು ಜಾರುವ ಬದಲು ಎತ್ತಿ ಬಿದ್ದು ಒಡೆಯುತ್ತವೆ. ಹೆಚ್ಚಾದರೆ ಅಲುಗಾಡಲು ಜಾಗವಿರುವುದಿಲ್ಲ. ಎಲ್ಲ ಒಂದೇ ಗಾತ್ರ ಬೇಡ. ನಾಲ್ಕಾರು ದೊಡ್ಡವು, ಉಳಿದವು ಸಣ್ಣವು ಇದ್ದರೆ ಸಂದುಗಳಲ್ಲೂ ಉಜ್ಜಾಟ ನಡೆಯುತ್ತದೆ. ನೀರು ಮೇಲಿನ ಸಾಲಿನ ಕಲ್ಲುಗಳ ಬುಡದವರೆಗೆ ಸಾಕು. ವೇಗ ಹೆಚ್ಚಿಸಿದರೆ ಬೇಗ ಮುಗಿದೀತು ಎಂಬ ಲೆಕ್ಕವೂ ತಪ್ಪು. 12 ಸೆಂ.ಮೀ. ವ್ಯಾಸದ ಡ್ರಮ್ಮನ್ನು ನಿಮಿಷಕ್ಕೆ ಸುಮಾರು 120 ಸುತ್ತು ತಿರುಗಿಸಿದರೆ ಕಲ್ಲುಗಳು ಗೋಡೆಗೆ ಅಂಟಿಕೊಂಡು ಡ್ರಮ್ಮಿನ ಜೊತೆಗೇ ಸುತ್ತುತ್ತವೆ, ಒಂದಕ್ಕೊಂದು ಉಜ್ಜುವುದೇ ಇಲ್ಲ. ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ, ಮೇಲಿನ ಪದರ ಮರಳಿನ ಗುಡ್ಡೆಯಂತೆ ಜಾರುತ್ತಿದ್ದರೆ ಸರಿ.

ಪುಡಿ ಎಂದರೆ ಮುಖ್ಯವಾಗಿ ಸಿಲಿಕಾನ್ ಕಾರ್ಬೈಡ್. ವರ್ಕ್‌ಶಾಪ್ ಭಾಷೆಯಲ್ಲಿ ಕಾರ್ಬೊರಂಡಂ. ಗಡಸುತನ 9ಕ್ಕೂ ಮೇಲೆ. ನಂಬರ್ ದೊಡ್ಡದಾದಷ್ಟೂ ಪುಡಿ ನಯ. ಗ್ಯಾರೇಜುಗಳಲ್ಲಿ ವಾಲ್ವ್ ಉಜ್ಜಲು ಬಳಸುವ ಪೇಸ್ಟಿನಲ್ಲೂ ಇಂಥದೇ ಪುಡಿ ಇರುತ್ತದೆ, ಆದರೆ ಅದರಲ್ಲಿ ಗ್ರೀಸ್ ಬೆರೆತಿರುವುದರಿಂದ ಇಲ್ಲಿಗೆ ಬಾರದು.

ಮೊದಲ ಹಂತಕ್ಕೆ 60/90 ನಂಬರಿನ ಪುಡಿ. ಒಂದೂವರೆ ಕೆ.ಜಿ. ಹಿಡಿಯುವ ಡ್ರಮ್ಮಿಗೆ ನಾಲ್ಕರಿಂದ ಆರು ದೊಡ್ಡ ಚಮಚ. ಕಲ್ಲಿಗೆ ಆಕಾರ ಬರುವುದು ಇಲ್ಲೇ, ಇಲ್ಲಿ ಮಾತ್ರ. ಕಿರುಪುಸ್ತಕಗಳು ಏಳು ದಿನ ಎನ್ನುತ್ತವೆ. ಏಳು ದಿನಕ್ಕೆ ಯಂತ್ರ ನಿಲ್ಲಿಸಿ ನೋಡಬೇಕೇ ಹೊರತು ಮುಗಿಯಿತು ಎಂದುಕೊಳ್ಳಬಾರದು. ಗುಳಿ, ಬಿರುಕು, ಚೂಪು ಮೂಲೆ ಉಳಿದ ಕಲ್ಲುಗಳನ್ನು ಬೇರೆ ಮಾಡಿ, ಹೊಸ ಪುಡಿ ಹಾಕಿ ಇನ್ನೊಂದು ವಾರ, ಬೇಕಾದರೆ ಮತ್ತೊಂದು ವಾರ ಉರುಳಿಸಬೇಕು. ಕಲ್ಲಿನ ತೂಕದಲ್ಲಿ ಕಾಲು ಭಾಗ ಇಲ್ಲೇ ಕರಗಿದರೂ ಅಚ್ಚರಿಯಿಲ್ಲ. ಈ ಹಂತದಲ್ಲಿ ಬಿಟ್ಟ ಗುಳಿಯನ್ನು ಮುಂದಿನ ಮೂರು ಹಂತಗಳು ತೆಗೆಯುವುದಿಲ್ಲ, ಗುಳಿಯ ಅಂಚಿಗೆ ಹೊಳಪು ಕೊಡುತ್ತವೆ ಅಷ್ಟೇ.

ಎರಡನೆಯದಕ್ಕೆ 120/220, ಮೂರನೆಯದಕ್ಕೆ 500 ನಂಬರ್, ತಲಾ ಒಂದು ವಾರ. ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸೀರಿಯಂ ಆಕ್ಸೈಡ್ ಪಾಲಿಶ್ ಪುಡಿಯಲ್ಲಿ ಒಂದು ವಾರ. ಕಲ್ಲುಗಳು ಸವೆದು ಡ್ರಮ್ ಖಾಲಿಯಾಗುತ್ತ ಬಂದರೆ ಸೆರಾಮಿಕ್ ಅಥವಾ ಪ್ಲಾಸ್ಟಿಕ್ ಗುಂಡುಗಳನ್ನು ಸೇರಿಸಿ ಮಟ್ಟ ಕಾಯಬೇಕು.

ಮಂಕು ಕಲ್ಲುಗಳ ಗುಟ್ಟು ಹೆಚ್ಚಾಗಿ ಹಂತ ಬದಲಿಸುವ ದಿನದಲ್ಲಿದೆ. 60 ನಂಬರಿನ ನಾಲ್ಕು ಕಾಳು ಪಾಲಿಶ್ ಡ್ರಮ್ಮಿಗೆ ಸೇರಿದರೂ ಇಡೀ ವಾರದ ಕೆಲಸ ಹಾಳು. ಕಲ್ಲು, ಡ್ರಮ್, ಮುಚ್ಚಳ, ಮುಚ್ಚಳದ ಅಂಚು ಎಲ್ಲವನ್ನೂ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ತೊಳೆಯಬೇಕು. ಬಿರುಕು ಬಿಟ್ಟ ಕಲ್ಲನ್ನು ಅಲ್ಲೇ ತೆಗೆದುಹಾಕಬೇಕು. ಪಾಲಿಶ್‌ಗೆಂದೇ ಬೇರೆ ಡ್ರಮ್ ಇಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ. ಇನ್ನೊಂದು ಮೋಸವೆಂದರೆ ಒದ್ದೆ ಕಲ್ಲಿನದು. ನೀರು ಸಣ್ಣ ಗೀರುಗಳನ್ನು ತುಂಬಿಕೊಳ್ಳುವುದರಿಂದ ಒದ್ದೆಯಾಗಿದ್ದಾಗ ಯಾವ ಕಲ್ಲೂ ಹೊಳೆಯುತ್ತದೆ. ಪೂರ್ತಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮುಂದಿನ ಹಂತ.

ಖರ್ಚಿನ ಲೆಕ್ಕ ಹೆದರಿಸುವಂಥದ್ದಲ್ಲ. 20 ವ್ಯಾಟ್ ಮೋಟಾರ್ 28 ದಿನ ಹಗಲಿರುಳು ಓಡಿದರೂ ಸುಮಾರು 13.5 ಯುನಿಟ್ ವಿದ್ಯುತ್. ನಡುವೆ ಕರೆಂಟ್ ಹೋದರೆ ನಷ್ಟವೇನಿಲ್ಲ, ಅಷ್ಟು ಹೊತ್ತನ್ನು ಸೇರಿಸಿಕೊಂಡರಾಯಿತು. ಕೆಲವು ಕಲ್ಲುಗಳಿಂದ ಡ್ರಮ್ಮಿನಲ್ಲಿ ಅನಿಲ ತುಂಬಿಕೊಳ್ಳುವುದುಂಟು. ಆರಂಭದಲ್ಲಿ ದಿನಕ್ಕೊಮ್ಮೆ ಮುಚ್ಚಳ ತೆಗೆದು ಹಾಕಬೇಕು.

ಧೂಳು ಮತ್ತು ಕೆಸರು

ಖಂಬಾತಿನ ಕಥೆಗೆ ಇನ್ನೊಂದು ಮುಖವಿದೆ. ಅಗೇಟನ್ನು ಒಣಗಿದ್ದಂತೆಯೇ ಸಾಣೆಗೆ ಹಿಡಿಯುವವರ ಶ್ವಾಸಕೋಶಕ್ಕೆ ಸಿಲಿಕಾ ಧೂಳು ಸೇರಿ ಸಿಲಿಕೋಸಿಸ್ ಬರುತ್ತದೆ. ಅಲ್ಲಿನ ಕಾರ್ಮಿಕರಲ್ಲಿ ಈ ರೋಗದ ಬಗ್ಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ನಡೆಸಿದೆ. ಒಮ್ಮೆ ಬಂದ ಸಿಲಿಕೋಸಿಸ್ ವಾಸಿಯಾಗುವುದಿಲ್ಲ. ಸಾಣೆ ಹಿಡಿಯುವವರಲ್ಲದೆ ಅಕ್ಕಪಕ್ಕದ ಮನೆಯವರಿಗೂ ಧೂಳು ತಗಲುತ್ತದೆ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ನುಣುಪು ಅಗೇಟ್‌ನ ಹಿಂದೆ ಈ ಬೆಲೆಯೂ ಇರುತ್ತದೆ.

ಮುಚ್ಚಿದ ಡ್ರಮ್ಮಿನೊಳಗೆ ನೀರಿನಲ್ಲಿ ನಡೆಯುವ ಟಂಬ್ಲಿಂಗ್‌ನಲ್ಲಿ ಧೂಳು ಏಳುವುದಿಲ್ಲ. ಅಪಾಯವಿರುವುದು ಅದರ ಹಿಂದೆ ಮುಂದೆ. ದೊಡ್ಡ ಕಲ್ಲನ್ನು ಒಡೆಯುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಡೆಯಬೇಕು, ಕಣ್ಣಿಗೆ ಕನ್ನಡಕ ಕಡ್ಡಾಯ. ಬೇಗ ಆಕಾರ ಬರಲೆಂದು ಆಂಗಲ್ ಗ್ರೈಂಡರ್‌ನಿಂದ ಒಣಗಲ್ಲನ್ನು ಉಜ್ಜುವುದು ಬೇಡವೇ ಬೇಡ. ನೆಲಕ್ಕೆ ಚೆಲ್ಲಿದ ಕೆಸರು ಒಣಗಿದರೆ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸಣ್ಣ ಮಕ್ಕಳು ಪುಡಿಯನ್ನು ಕೈಯಿಂದ ಮುಟ್ಟದಂತೆ ನೋಡಿಕೊಳ್ಳಬೇಕು.

ಇನ್ನು ಡ್ರಮ್ಮಿನಿಂದ ಸುರಿದ ಬೂದು ಕೆಸರು. ಇದನ್ನು ಸಿಂಕಿಗೋ ಬಚ್ಚಲಿಗೋ ಬಿಟ್ಟರೆ ಪೈಪಿನ ತಿರುವಿನಲ್ಲಿ ಕುಳಿತು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಾದರೆ ಒಂದು ಮನೆಯ ಹವ್ಯಾಸದಿಂದ ಕೆಳಗಿನ ನಾಲ್ಕು ಮನೆಯ ಕೊಳವೆ ಕಟ್ಟಿಕೊಂಡೀತು. ಹಳೆಯ ಬಕೆಟ್ಟಿಗೆ ಸುರಿದು ಎರಡು ದಿನ ಬಿಟ್ಟರೆ ಕೆಸರು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿನೀರನ್ನು ಮಣ್ಣಿಗೆ ಸುರಿಯಬಹುದು. ತಳದ ಗಸಿಯನ್ನು ಒದ್ದೆಯಿರುವಾಗಲೇ ಚೀಲಕ್ಕೆ ಕಟ್ಟಿ ಒಣಕಸದ ಜೊತೆ ಕೊಡಬೇಕು.