ದ್ವೀಪದ ಕೊಳಚೆ, ಹವಳದ ಕಾಯಿಲೆ

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಿಂದ ಸಮುದ್ರದೊಳಕ್ಕೆ ಮಣಿಸರದಂತೆ ಚಾಚಿರುವ ದ್ವೀಪಗಳ ಸಾಲೊಂದಿದೆ. ಅದರಲ್ಲಿ ಹೆದ್ದಾರಿ ಮುಗಿಯುವ ಊರೇ ಕೀ ವೆಸ್ಟ್. ಅಲ್ಲಿಂದ ಕ್ಯೂಬಾ ಸುಮಾರು 150 ಕಿಲೋಮೀಟರು. ಊರಿಗೆ ಹೊಳೆಯಿಲ್ಲ, ಕೆರೆಯಿಲ್ಲ; ಕಾಲ ಕೆಳಗೆ ತೂತುತೂತಾದ ಸುಣ್ಣಕಲ್ಲು. ಬಹುಕಾಲ ಜನರು ಮಾಡಿನ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಿದರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ನೌಕಾಪಡೆ ತನ್ನ ನೆಲೆಯ ಅಗತ್ಯಕ್ಕಾಗಿ ಸುಮಾರು 200 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮುಖ್ಯಭೂಮಿಯಿಂದ ಸಿಹಿನೀರು ತಂದಿತು.

ಹೀಗೆ ಬಂದ ನೀರು ಬಳಕೆಯಾದ ಮೇಲೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಊರು ಕೊಟ್ಟ ಉತ್ತರ ಸರಳವಾಗಿತ್ತು: ಸಮುದ್ರಕ್ಕೆ. 1989ರವರೆಗೂ ಕೀ ವೆಸ್ಟಿನ ಕೊಳಚೆ ಶುದ್ಧೀಕರಣವಿಲ್ಲದೆ ಕಡಲು ಸೇರುತ್ತಿತ್ತು. ಆ ವರ್ಷ ಪಕ್ಕದ ಫ್ಲೆಮಿಂಗ್ ಕೀ ದ್ವೀಪದಲ್ಲಿ ಶುದ್ಧೀಕರಣ ಘಟಕ ಆರಂಭವಾಯಿತು. ಊರಿನ ಮೇಯರ್ ಆಗಿದ್ದ ರಿಚರ್ಡ್ ಹೇಮನ್ ಅವರ ಹೆಸರನ್ನು ಆ ಘಟಕಕ್ಕೆ ಇಡಲಾಗಿದೆ. ಕೊಳಚೆ ಘಟಕಕ್ಕೆ ತಮ್ಮ ಹೆಸರಿಡಲು ನಮ್ಮಲ್ಲಿ ಎಷ್ಟು ಜನ ನಾಯಕರು ಒಪ್ಪಿಯಾರು!

ಅಲ್ಲಿನ ಕಡಲು ಗಾಜಿನಷ್ಟು ತಿಳಿ. ಆ ತಿಳಿತನಕ್ಕೆ ಕಾರಣ ನೀರಿನ ಬಡತನ. ಸಾರಜನಕ, ರಂಜಕಗಳು ಅತ್ಯಲ್ಪವಾಗಿರುವುದರಿಂದ ಪಾಚಿ ಹಬ್ಬುವುದಿಲ್ಲ, ಹವಳಕ್ಕೆ ಬೆಳಕು ಸಿಗುತ್ತದೆ. ಆರಂಭದ ಘಟಕ ಸೂಕ್ಷ್ಮಜೀವಿಗಳಿಂದ ಸಾವಯವ ಕಲ್ಮಶವನ್ನು ಕಳೆಯುತ್ತಿತ್ತು, ಆದರೆ ಈ ಪೋಷಕಾಂಶಗಳ ಬಹುಪಾಲು ನೀರಿನಲ್ಲೇ ಉಳಿಯುತ್ತಿತ್ತು. ನೋಡಲು ಶುದ್ಧವಾದ ಆ ನೀರು ಹವಳದ ಮಟ್ಟಿಗೆ ಗೊಬ್ಬರದ ನೀರೇ ಆಗಿತ್ತು. ಇದರ ಜೊತೆಗೆ ಹಳೆಯ ಒಳಚರಂಡಿ ಕೊಳವೆಗಳ ಬಿರುಕುಗಳಿಂದ ಕೊಳಚೆ ಹೊರಕ್ಕೆ, ಉಪ್ಪುನೀರು ಒಳಕ್ಕೆ.

1996ರಲ್ಲಿ ಕೀ ವೆಸ್ಟ್ ಬಳಿಯ ಈಸ್ಟರ್ನ್ ಡ್ರೈ ರಾಕ್ಸ್ ಎಂಬಲ್ಲಿ, ಜಿಂಕೆಯ ಕೊಂಬಿನಂತೆ ಕವಲೊಡೆಯುವ ಎಲ್ಕ್‌ಹಾರ್ನ್ ಹವಳದ ಮೇಲೆ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. ರೋಗಕ್ಕೆ 'ವೈಟ್ ಪಾಕ್ಸ್' ಎಂದು ಹೆಸರಾಯಿತು. 2002ರಲ್ಲಿ ಕ್ಯಾಥರಿನ್ ಪ್ಯಾಟರ್ಸನ್, ಜೇಮ್ಸ್ ಪೋರ್ಟರ್ ಮತ್ತು ಸಂಗಡಿಗರು ಇದರ ಕಾರಣ ಸೆರೇಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯವೆಂದು ಪ್ರಕಟಿಸಿದರು. ಅಷ್ಟರಲ್ಲಿ ಆ ಸಾಗರಧಾಮದ ಎಲ್ಕ್‌ಹಾರ್ನ್ ಹವಳದ ಜೀವಂತ ಹೊದಿಕೆ ಸರಾಸರಿ ಶೇಕಡ 70 ಅಥವಾ ಅದಕ್ಕಿಂತ ಹೆಚ್ಚು ನಾಶವಾಗಿತ್ತು.

ಆದರೆ ಈ ಬ್ಯಾಕ್ಟೀರಿಯ ಮನುಷ್ಯನ ಕರುಳಿನಲ್ಲಷ್ಟೇ ಇರುವುದಿಲ್ಲ. ಮಣ್ಣು, ನೀರು, ಪ್ರಾಣಿಗಳಲ್ಲೂ ಉಂಟು. ಹಾಗಿರುವಾಗ ತಪ್ಪನ್ನು ಊರಿನ ಚರಂಡಿಯ ಮೇಲೆ ಹೊರಿಸುವುದು ಹೇಗೆ? ಪಠ್ಯಪುಸ್ತಕದಲ್ಲಿ ನೀವು ಓದುವ ರಾಬರ್ಟ್ ಕೋಖ್‌ನ ನಿಯಮಗಳು ಇಲ್ಲಿ ನೆರವಿಗೆ ಬಂದವು. ಸಂಶೋಧಕರು ಕೊಳಚೆಯನ್ನೂ ಸಾಗರಪಕ್ಷಿಗಳಂಥ ಪ್ರಾಣಿಗಳ ಮಲವನ್ನೂ ಪರೀಕ್ಷಿಸಿ, ರೋಗಿ ಹವಳದಲ್ಲಿದ್ದ ತಳಿಗೆ ಮನುಷ್ಯರ ಕೊಳಚೆಯಲ್ಲಿದ್ದ ತಳಿ ಮಾತ್ರ ಹೊಂದುತ್ತದೆ ಎಂದು ಕಂಡುಕೊಂಡರು. ಆ ತಳಿಯನ್ನು ಪ್ರಯೋಗಾಲಯದ ತೊಟ್ಟಿಯಲ್ಲಿ ಆರೋಗ್ಯವಂತ ಹವಳಕ್ಕೆ ತಗಲಿಸಿದಾಗ ನಾಲ್ಕೈದು ದಿನಗಳಲ್ಲಿ ಅದೇ ಬಿಳಿ ಮಚ್ಚೆ! ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ರೋಗಗಳು ಪ್ರಾಣಿಗಳಿಂದ ಮನುಷ್ಯನಿಗೆ ಬರುವುದನ್ನು ಕೇಳಿದ್ದ ನಮಗೆ ಇದು ತಿರುವುಮುರುವಾದ ಕಥೆ.

ಊರು ಮಾತ್ರ ಆ ಪುರಾವೆಗಾಗಿ ಕಾಯಲಿಲ್ಲ. ಹಳೆಯ ಕೊಳವೆಗಳನ್ನು ಬದಲಿಸಲಾಯಿತು. ದ್ವೀಪಸಾಲಿನ ದೊಡ್ಡ ಘಟಕಗಳಿಗೆ ಫ್ಲಾರಿಡಾ 1999ರಲ್ಲೇ ಕಾನೂನು ಮಾಡಿತ್ತು: ಶುದ್ಧೀಕರಿಸಿದ ಪ್ರತಿ ಲೀಟರಿನಲ್ಲಿ ಸಾರಜನಕ 3 ಮಿಲಿಗ್ರಾಂ, ರಂಜಕ 1 ಮಿಲಿಗ್ರಾಂ ಮೀರುವಂತಿಲ್ಲ. 2001ರಲ್ಲಿ ಕೀ ವೆಸ್ಟ್ ತನ್ನ ಘಟಕವನ್ನು ಮೇಲ್ದರ್ಜೆಗೇರಿಸಿ, ಸಮುದ್ರಕ್ಕೆ ಬಿಡುವುದನ್ನು ನಿಲ್ಲಿಸಿ, ಸುಮಾರು 900 ಮೀಟರು ಆಳದ ಬಾವಿಗೆ ಆ ನೀರನ್ನು ಇಳಿಸತೊಡಗಿತು. ಪುಟ್ಟ ಊರಿನ ತೆರಿಗೆದಾರರಿಗೆ ಇದು ಸಣ್ಣ ಹೊರೆಯಲ್ಲ. ನೆಲದಡಿ ಹೂತ ಕೊಳವೆ ಉದ್ಘಾಟನೆಯ ಚಿತ್ರದಲ್ಲಿ ಚೆನ್ನಾಗಿ ಕಾಣುವುದೂ ಇಲ್ಲ; ಕ್ಯಾಮೆರಾ ಹಿಡಿದವರಿಗೆ ಇದು ಗೊತ್ತು.

ಹವಳ ಉಳಿಯಿತೇ? ಉತ್ತರ ಅಷ್ಟು ಸುಲಭವಲ್ಲ. ಮುಂದಿನ ವರ್ಷಗಳಲ್ಲಿ ಕಾಣಿಸಿದ ಬಿಳಿ ಮಚ್ಚೆಗಳಲ್ಲಿ ಸೆರೇಷಿಯಾ ಅಪರೂಪವಾಯಿತು. ರೋಗಕ್ಕೆ ಬೇರೆ ಕಾರಣಗಳೂ ಇರಬೇಕೆಂದು ಅದೇ ಸಂಶೋಧಕರು ಬರೆದರು. 2023ರ ಬೇಸಿಗೆಯಲ್ಲಿ ಕಡಲು ಹಿಂದೆಂದೂ ಕಾಣದಷ್ಟು ಬಿಸಿಯಾಗಿ, ಅಳಿದುಳಿದ ಎಲ್ಕ್‌ಹಾರ್ನ್ ಹವಳದ ಬಹುಪಾಲು ಸತ್ತಿತು. ಆ ಬೇಸಿಗೆಯಲ್ಲಿ ವಿಜ್ಞಾನಿಗಳು ಮುಳುಗಿ ಹೋಗಿ, ಬದುಕಿದ್ದ ತುಂಡುಗಳನ್ನು ಕಿತ್ತು ತಂದು, ದಡದ ತೊಟ್ಟಿಗಳಲ್ಲಿ ಇಟ್ಟು ಕಾಪಾಡಿದರು.