ಜೋತುಬಿದ್ದ ರೆಪ್ಪೆಯಿಂದ ರಕ್ತದ ಹನಿಯವರೆಗೆ

ಬೆಳಿಗ್ಗೆ ಸಲೀಸಾಗಿ ಮಾತಾಡುತ್ತಿದ್ದ ಹೆಂಗಸು, ಮಾತು ಉದ್ದವಾದಂತೆ ನಾಲಿಗೆಯೇ ಏಳದೆ ಮೂಕಿಯಂತಾಗುತ್ತಿದ್ದಳು. ಒಂದೆರಡು ಗಂಟೆ ಸುಮ್ಮನಿದ್ದರೆ ದನಿ ಮರಳುತ್ತಿತ್ತು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1672ರಲ್ಲಿ ಬರೆದಿಟ್ಟ ಈ ಚಿತ್ರ, ಸ್ನಾಯುಗಳು ಬೇಗನೆ ದಣಿದು ಸೋಲುವ ಮಯಸ್ತೇನಿಯಾ ಗ್ರಾವಿಸ್ ರೋಗದ ಮೊದಲ ದಾಖಲೆಯೆಂದು ಹೆಸರಾಗಿದೆ.

ಮುಂದಿನ ಎರಡೂವರೆ ಶತಮಾನ ಈ ರೋಗದ ಪತ್ತೆಗೆ ಬಹುಮಟ್ಟಿಗೆ ವೈದ್ಯರ ಕಣ್ಣೇ ಆಧಾರ.

1934ರಲ್ಲಿ ಗ್ರೀನ್‌ವಿಚ್‌ನ ಆಸ್ಪತ್ರೆಯೊಂದರಲ್ಲಿ ಡಾ. ಮೇರಿ ವಾಕರ್ ಈ ರೋಗದ ದಣಿವು ಸ್ನಾಯುಗಳನ್ನು ಸ್ತಬ್ಧಗೊಳಿಸುವ ಕ್ಯುರಾರೆ ವಿಷದ ಪರಿಣಾಮವನ್ನು ಹೋಲುತ್ತದೆಂದು ಗಮನಿಸಿದರು. ಆ ವಿಷಕ್ಕೆ ಪ್ರತಿಮದ್ದಾದ ಫೈಸೋಸ್ಟಿಗ್ಮೈನ್ ಚುಚ್ಚಿದಾಗ ರೋಗಿಯ ಜೋತುಬಿದ್ದ ರೆಪ್ಪೆ ಮೇಲೆದ್ದಿತು. ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಿತು. ಚಿಕಿತ್ಸೆಯ ಜೊತೆಗೆ ಪತ್ತೆಗೂ ದಾರಿ ಸಿಕ್ಕಿತು.

ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಸ್ನಾಯುಗಳ ಮೇಲೆ ತಿರುಗಿಬಿದ್ದಿರಬಹುದೆಂದು ಜಾನ್ ಸಿಂಪ್ಸನ್ 1960ರಲ್ಲಿ ಸೂಚಿಸಿದರು. ಪುರಾವೆ ಬಂದದ್ದು 1973ರಲ್ಲಿ. ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ನರದ ಸಂದೇಶವನ್ನು ಸ್ನಾಯುವಿನಲ್ಲಿ ಬರಮಾಡಿಕೊಳ್ಳುವ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ವಿದ್ಯುತ್ ಈಲ್ ಮೀನಿನಿಂದ ತೆಗೆದು ಮೊಲಗಳಿಗೆ ಚುಚ್ಚಿದರು. ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡ ಮೊಲಗಳು ನಿತ್ರಾಣವಾಗಿ ಕುಸಿದವು.

1976ರ ಹೊತ್ತಿಗೆ ಅದೇ ಪ್ರತಿಕಾಯವನ್ನು ರೋಗಿಗಳ ರಕ್ತದಲ್ಲಿ ಅಳೆಯುವ ಪರೀಕ್ಷೆ ಸಿದ್ಧವಾಯಿತು. ಗ್ರಾಹಕಕ್ಕೆ ಬಿಗಿಯಾಗಿ ಅಂಟುವ ಕಟ್ಟುಹಾವಿನ ವಿಷಾಂಶಕ್ಕೆ ವಿಕಿರಣಶೀಲ ಅಯೋಡಿನ್ ಸೇರಿಸಿ, ರೋಗಿಯ ಪ್ರತಿಕಾಯ ಎಷ್ಟು ಗ್ರಾಹಕವನ್ನು ಹಿಡಿದಿದೆಯೆಂದು ಲೆಕ್ಕ ಹಾಕುವುದೇ ಇದರ ವಿಧಾನ. ಮೈಯೆಲ್ಲ ದುರ್ಬಲವಾದವರಲ್ಲಿ ಸುಮಾರು ಶೇ 85 ಮಂದಿಗೆ ಇದು ಪಾಸಿಟಿವ್. ತೊಂದರೆ ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ಮಾತ್ರ.

ಉಳಿದವರಿಗೆ ‘ರಿಪೋರ್ಟ್ ನಾರ್ಮಲ್’ ಎಂಬ ಮಾತು ಸಮಾಧಾನಕ್ಕಿಂತ ಸಂಕಟವನ್ನೇ ತಂದಿತು. 2001ರಲ್ಲಿ ಅಂಥ ಕೆಲವರ ರಕ್ತದಲ್ಲಿ ಮಸ್ಕ್ ಎಂಬ ಬೇರೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯ ಪತ್ತೆಯಾಯಿತು. ಎರಡೂ ನೆಗೆಟಿವ್ ಬಂದವರಿಗೆ ಇಂದಿಗೂ ನರ–ಸ್ನಾಯುಗಳ ವಿದ್ಯುತ್ ಪರೀಕ್ಷೆ ಬೇಕಾಗುತ್ತದೆ. ಜೊತೆಗೆ, ನಿಮಿಷಗಟ್ಟಲೆ ಮೇಲೆ ನೋಡಿಸಿ ರೆಪ್ಪೆ ಇಳಿಯುವುದನ್ನು ಕಾಯುವ ವೈದ್ಯರ ತಾಳ್ಮೆಯೂ ಬೇಕಾಗುತ್ತದೆ.